ಹಳೆಯ ಟ್ರೇಲರು ಕೊಳ್ಳುವ ಮುನ್ನ

ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಕೊಳ್ಳಬೇಕಾದರೆ ನಮ್ಮ ಹಿರಿಯರು ಎಷ್ಟು ಹೊತ್ತು ನೋಡುತ್ತಿದ್ದರೆಂಬುದು ಸದಸ್ಯ ಬಾಂಧವರಲ್ಲಿ ವಯಸ್ಸಾದವರಿಗೆ ನೆನಪಿದ್ದೀತು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಸುಳಿ ನೋಡುತ್ತಿದ್ದರು, ಗೊರಸು ಎತ್ತಿ ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ, ನೊಗ ಹೂಡಿ, ಹೊರೆ ತುಂಬಿದ ಗಾಡಿ ಎಳೆಸಿ, ಆಮೇಲಷ್ಟೇ ಟವಲಿನಡಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರು. ಅಂಥವರ ಮಕ್ಕಳೂ ಮೊಮ್ಮಕ್ಕಳೂ ಆದ ನಾವು ಇಂದು ಲಕ್ಷಗಟ್ಟಲೆ ಹಣ ಕೊಟ್ಟು ಹಳೆಯ ಟ್ರ್ಯಾಕ್ಟರು, ಟ್ರೇಲರು ಕೊಳ್ಳುವಾಗ ಹೇಗೆ ನೋಡುತ್ತೇವೆ? ಎಂಜಿನ್ ಚಾಲೂ ಮಾಡಿಸಿ, ಶಬ್ದ ಕೇಳಿ, ಟಯರಿಗೆ ಒಂದು ಒದೆ ಕೊಟ್ಟು, ಮುಂಗಡ ಎಣಿಸಿ ಬರುತ್ತೇವೆ. ಟ್ರೇಲರನ್ನಂತೂ ಬಗ್ಗಿ ನೋಡುವವರೇ ಇಲ್ಲ. “ಜೊತೆಗೆ ಟ್ರೇಲರೂ ಉಂಟು” ಎಂದರೆ ಅದು ಕೊಸರಿಗೆ ಬಂದದ್ದೆಂದೇ ನಮ್ಮ ಭಾವನೆ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಒಂದೇ ಮಾತು. ಎಂಜಿನ್ ಕೆಟ್ಟರೆ ಹಣ ಹೋಗುತ್ತದೆ. ಟ್ರೇಲರು ಕೆಟ್ಟರೆ ಜನ ಹೋಗುತ್ತಾರೆ. ಆದುದರಿಂದ ಎಂಜಿನ್ನಿಗಿಂತ ಮೊದಲು ಟ್ರೇಲರನ್ನು ನೋಡಬೇಕು.

ನಮಗಾದ ಪಾಠ

ಇದನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ. 2009ರಲ್ಲಿ, ಅರೇಬಿಕಾ ಹಣ್ಣು ಕೆಂಪಾಗುತ್ತಿದ್ದ ನವೆಂಬರ್ ತಿಂಗಳಿನಲ್ಲಿ, ನಮ್ಮ ಹಳೆಯ ಟ್ರೇಲರಿನ ಆಕ್ಸೆಲ್ ಮುರಿಯಿತು. ಕುಯ್ಲು ಕಾಯುವುದಿಲ್ಲ. ಅವಸರದಲ್ಲಿ ಹೊರ ತಾಲ್ಲೂಕಿನ ಒಬ್ಬರಿಂದ ಒಂದು ಟ್ರೇಲರನ್ನು ಕೊಂಡೆವು. ಹಸಿರು ಬಣ್ಣ ಹಚ್ಚಿ ಮದುವಣಗಿತ್ತಿಯ ಹಾಗೆ ನಿಲ್ಲಿಸಿದ್ದರು. ಬಣ್ಣ ನೋಡಿದೆವೇ ಹೊರತು ಅಡಿಯಲ್ಲಿ ಬಗ್ಗಿ ನೋಡಲಿಲ್ಲ.

ತಂದ ಮೂರನೆಯ ವಾರ, ಸಂಜೆ, ಹಣ್ಣಿನ ಮೂಟೆ ಹೇರಿಕೊಂಡು ತೋಟದ ಇಳಿಜಾರಿನಲ್ಲಿ ಬರುತ್ತಿದ್ದಾಗ, ಟ್ರೇಲರಿನ ಮೂಕಿಯು ಚಾಸಿಗೆ ಸೇರುವ ಜಾಗದ ವೆಲ್ಡಿಂಗ್ ಬಾಯಿಬಿಟ್ಟಿತು. ಟ್ರೇಲರು ಅಡ್ಡ ತಿರುಗಿ ಚರಂಡಿಗೆ ಬಿತ್ತು. ಮೂಟೆಗಳ ಮೇಲೆ ನಾಲ್ವರು ಹೆಣ್ಣಾಳುಗಳು ಕುಳಿತಿದ್ದರು. ಮೂವರು ಹೇಗೋ ಹಾರಿಕೊಂಡರು. ಒಬ್ಬರ ಕಾಲು ಮೂಟೆಯಡಿ ಸಿಕ್ಕಿ ಎರಡು ಕಡೆ ಮುರಿಯಿತು. ಮುರಿದ ವೆಲ್ಡಿಂಗನ್ನು ಮರುದಿನ ಬೆಳಕಿನಲ್ಲಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹಳೆಯ ತುಕ್ಕಿನಿಂದ ಕಪ್ಪಾಗಿತ್ತು. ಹೊಸದಾಗಿ ಹರಿದ ಹೊಳಪು ಸ್ವಲ್ಪವೇ ಇತ್ತು. ಎಂದರೆ ಬಹಳ ದಿನಗಳಿಂದ ಅದು ಬಿರುಕು ಬಿಟ್ಟೇ ಇತ್ತು. ಐದು ನಿಮಿಷ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು.

ಮಾರಿದವರನ್ನು ದೂರಿ ಪ್ರಯೋಜನವಿಲ್ಲ. ನೋಡದೆ ಕೊಂಡವರು ನಾವು, ಜನರನ್ನು ಮೂಟೆಯ ಮೇಲೆ ಕೂರಿಸಿದವರೂ ನಾವೇ. ಆ ಹೆಂಗಸು ಆ ವರ್ಷ ಕುಯ್ಲಿಗೆ ಬರಲಾಗಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಕೂಲಿಯನ್ನೂ ನಾವು ಕೊಟ್ಟೆವೆನ್ನುವುದು ನಿಜ; ಆದರೆ ಇಂದಿಗೂ ಅವರು ಕಣದಲ್ಲಿ ಕಾಲೆಳೆದು ನಡೆಯುವುದನ್ನು ಕಂಡಾಗ ನಮಗೆ ಆ ಹಸಿರು ಬಣ್ಣವೇ ಕಣ್ಣಿಗೆ ಕಟ್ಟುತ್ತದೆ.

ಹಾರನಹಳ್ಳಿಯಲ್ಲಿ ಕಂಡದ್ದು

ಹೋದ ಮಳೆಗಾಲದ ಕೊನೆಯಲ್ಲಿ ಹಾರನಹಳ್ಳಿ ಕಡೆಯ ನಮ್ಮ ಯುವ ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದರು. ತೆಂಗಿನ ಸಾಲುಗಳ ನಡುವೆ ಅಡಿಕೆ ಹಾಕಿರುವವರು. “ಸೆಕ್ರೆಟರಿ ಸಾರ್, ನಮ್ಮೂರಲ್ಲೇ ಒಂದು ಟ್ರೇಲರ್ ಐತೆ, ಟಿಪ್ಪಿಂಗ್ ಇರೋದು. ಅಪ್ಪಯ್ಯ ತಗೊಂಡ್‌ಬಿಡು ಅಂತಾವ್ರೆ. ನೀವೊಂದ್ಸಲ ಬಂದು ನೋಡ್ಬೇಕು” ಎಂದರು. ನಮ್ಮ ಮೇಲಿನ ಕಥೆ ಅವರಿಗೆ ಗೊತ್ತಿತ್ತು. ಒಂದು ಚೀಲ ಹಿಡಿದು ಹೊರಟೆವು. ಚೀಲದಲ್ಲಿದ್ದದ್ದು ಇಷ್ಟೇ: ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಒಂದು ಅಯಸ್ಕಾಂತ, ಹಿಗ್ಗದ ನೈಲಾನ್ ದಾರ, ಒಂದು ತಂತಿ ಬ್ರಷ್ಷು, ಹಳೆಯ ಗೋಣಿಚೀಲ. ಗೋಣಿಚೀಲ ನೆಲದ ಮೇಲೆ ಹಾಸಿ ಮಲಗಲಿಕ್ಕೆ. ಮಲಗದೆ ಟ್ರೇಲರನ್ನು ನೋಡಿದೆನೆನ್ನುವವರು ನೋಡಿಲ್ಲವೆಂದೇ ಲೆಕ್ಕ.

ಹಾರನಹಳ್ಳಿಯ ಸೋಮೇಶ್ವರ ಮತ್ತು ಲಕ್ಷ್ಮೀನರಸಿಂಹ ದೇವಾಲಯಗಳನ್ನು ಸದಸ್ಯರಲ್ಲಿ ಅನೇಕರು ನೋಡಿರಬಹುದು. 13ನೆಯ ಶತಮಾನದ ಹೊಯ್ಸಳರ ಕೆಲಸ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗುಡಿಗಳು ಇಷ್ಟು ಶತಮಾನ ನಿಂತಿರುವುದು ಸಂದು ಗಟ್ಟಿಯಾಗಿರುವುದರಿಂದ. ಟ್ರೇಲರಿನಲ್ಲೂ ಮುಖ್ಯವಾಗಿ ನೋಡಬೇಕಾದದ್ದು ಸಂದುಗಳನ್ನೇ. ನಾವು ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇವೆ.

ಮೊದಲನೆಯದು ಕೊಂಡಿ. ಟ್ರ್ಯಾಕ್ಟರಿಗೆ ಸಿಕ್ಕಿಸುವ ಕಬ್ಬಿಣದ ಬಳೆಯ ತೂತು ಹೊಸದರಲ್ಲಿ ದುಂಡಗಿರುತ್ತದೆ. ಸವೆಯುತ್ತ ಬಂದಂತೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಸವೆದ ಕೊಂಡಿಯಲ್ಲಿ ಪಿನ್ನು ಕುಲುಕಾಡಿ, ಪ್ರತಿ ಸಲ ಎಳೆದಾಗಲೂ ಬ್ರೇಕ್ ಹಿಡಿದಾಗಲೂ ಸುತ್ತಿಗೆಯ ಪೆಟ್ಟು ಬಿದ್ದಂತಾಗುತ್ತದೆ. ಆ ಪೆಟ್ಟು ಹಿಂದಿನ ವೆಲ್ಡಿಂಗನ್ನು ಬಿಡಿಸುತ್ತದೆ. ಪಿನ್ನಿಗೆ ಕೆಳಗಿನಿಂದ ಕ್ಲಿಪ್ಪು ಇರಲೇಬೇಕು. ಕ್ಲಿಪ್ಪಿನ ಬದಲು ತಂತಿ ಸುತ್ತಿದ್ದರೆ ಆ ಮನೆಯಲ್ಲಿ ಟ್ರೇಲರನ್ನು ಹೇಗೆ ಸಾಕಿದ್ದಾರೆಂಬುದು ಅಲ್ಲೇ ತಿಳಿಯುತ್ತದೆ.

ಎರಡನೆಯದು ಮೂಕಿ ಮತ್ತು ಚಾಸಿ. ಗೋಣಿ ಹಾಸಿ ಅಡಿಗೆ ಹೋಗಿ ಟಾರ್ಚು ಬಿಟ್ಟು ನೋಡಬೇಕು. ಟಿಪ್ಪಿಂಗ್ ಟ್ರೇಲರಿನ ತೊಟ್ಟಿ ಎತ್ತಿದ್ದರೆ ಮಾತ್ರ, ಗಟ್ಟಿ ಆಸರೆ ಕೊಡದೆ ಯಾರೂ ಅಡಿಗೆ ಹೋಗಕೂಡದು. ಅಡ್ಡಪಟ್ಟಿ ಉದ್ದಪಟ್ಟಿಗಳು ಸೇರುವ ಮೂಲೆ, ಮೂಕಿ ಸೇರುವ ಬುಡ, ಆಕ್ಸೆಲ್ ಕೂರುವ ಜಾಗ, ಇವು ಮೂರು ಕಡೆ ಬಿರುಕು ಬರುತ್ತದೆ. ಬಿರುಕು ಕೂದಲೆಳೆಯಷ್ಟಿದ್ದರೂ ಅದರ ಬಾಯಿಯಿಂದ ಕೆಂಪು ತುಕ್ಕಿನ ಕಣ್ಣೀರು ಇಳಿದಿರುತ್ತದೆ. ಎಲ್ಲ ಕಡೆ ಹಳೆಯ ಬಣ್ಣವಿದ್ದು ಒಂದೇ ಕಡೆ ಹೊಸ ಬಣ್ಣವಿದ್ದರೆ ಅಲ್ಲಿ ಬ್ರಷ್ಷು ತಿಕ್ಕಬೇಕು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಒಳ್ಳೆಯ ಕಬ್ಬಿಣ ಗಂಟೆಯಂತೆ ನುಡಿಯುತ್ತದೆ. ತುಕ್ಕು ತಿಂದದ್ದು ಒಡೆದ ಮಡಕೆಯಂತೆ ಮಂಕಾಗಿ ನುಡಿಯುತ್ತದೆ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಯಸ್ಕಾಂತ ಅಲ್ಲಿ ಹಿಡಿಯುವುದಿಲ್ಲ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಅಯಸ್ಕಾಂತಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಮ್ಮ ಕಡೆಯ ಟ್ರೇಲರುಗಳಿಗೆ ತುಕ್ಕು ಹಿಡಿಯಲು ಮಳೆಯೊಂದೇ ಕಾರಣವಲ್ಲ. ಗೊಬ್ಬರ ಹೊತ್ತು ತೊಳೆಯದೆ ನಿಲ್ಲಿಸುವುದು ಒಂದು. ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ಸಾಗಿಸುವುದು ಇನ್ನೊಂದು. ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆಂಬುದು ಔಷಧಿ ಹೊಡೆಯುವ ಎಲ್ಲರಿಗೂ ತಿಳಿದದ್ದೇ. ಆದುದರಿಂದ ತೊಟ್ಟಿಯ ತಳದ ತಗಡನ್ನು, ಅದರಲ್ಲೂ ಮೂಲೆಗಳನ್ನು, ಕೆಳಗಿನಿಂದ ತಟ್ಟಿ ನೋಡಬೇಕು.

ಮೂರನೆಯದು ದಾರದ ಪರೀಕ್ಷೆ. ಇದಕ್ಕೆ ಖರ್ಚಿಲ್ಲ, ಆದರೆ ಮಾಡುವವರು ಕಡಿಮೆ. ಎರಡು ಚಕ್ರದ ಟ್ರೇಲರಿನ ಕೊಂಡಿಯ ನಡುಮಧ್ಯದಿಂದ ಎಡ ಆಕ್ಸೆಲಿನ ತುದಿಗೆ ದಾರ ಎಳೆದು ಗಂಟು ಹಾಕಿ. ಅದೇ ದಾರವನ್ನು ಬಲ ತುದಿಗೆ ಎಳೆಯಿರಿ. ಎರಡೂ ಸಮವಿರಬೇಕು. ಸಮವಿಲ್ಲದಿದ್ದರೆ ಒಂದೋ ಮೂಕಿ ಸೊಟ್ಟಗಾಗಿದೆ, ಇಲ್ಲವೇ ಆಕ್ಸೆಲ್ ಜಾರಿದೆ. ಎಂದರೆ ಆ ಟ್ರೇಲರು ಎಲ್ಲೋ ಬಿದ್ದಿದೆ ಅಥವಾ ಗುದ್ದಿಸಿಕೊಂಡಿದೆ. ಅದು ರಸ್ತೆಯಲ್ಲಿ ಏಡಿಯ ಹಾಗೆ ಓರೆಯಾಗಿ ನಡೆದು ಟಯರನ್ನು ಸವೆಸುತ್ತದೆ.

ನಾಲ್ಕನೆಯದು ಚಕ್ರ. ಒಂದೊಂದು ಚಕ್ರವನ್ನೂ ಜಾಕಿ ಹಾಕಿ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಬೇಕು. ಟಕಟಕ ಎಂದರೆ ಬೇರಿಂಗ್ ಸವೆದಿದೆ ಅಥವಾ ಸಡಿಲವಾಗಿದೆ. ತಿರುಗಿಸಿದಾಗ ಗರಗರ ಎಂದರೆ ಬೇರಿಂಗ್ ಬದಲಿಸಬೇಕು. ಡಿಸ್ಕಿನ ಬೋಲ್ಟು ತೂತುಗಳು ಉದ್ದವಾಗಿದ್ದರೆ ನಟ್ಟು ಸಡಿಲವಿಟ್ಟು ಓಡಿಸಿದ್ದಾರೆಂದು ಅರ್ಥ. ಸ್ಪ್ರಿಂಗ್ ಇದ್ದರೆ ಪ್ಲೇಟುಗಳನ್ನು ಒಂದೊಂದಾಗಿ ಎಣಿಸಿ, ಸೀಳಿರುವುದನ್ನು ನೋಡಬೇಕು. ಟಯರಿನ ಹಲ್ಲು ಮಾತ್ರ ನೋಡಿದರೆ ಸಾಲದು, ವಯಸ್ಸನ್ನೂ ನೋಡಬೇಕು. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಟಯರಿಗೆ ಹಲ್ಲಿದ್ದರೂ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಂದಿರುತ್ತದೆ. ಹೊರೆ ಬಿದ್ದಾಗ ಸಿಡಿಯುತ್ತದೆ.

ಐದನೆಯದು ಟಿಪ್ಪಿಂಗ್ ಜಾಕಿ. ಖಾಲಿ ತೊಟ್ಟಿ ಎತ್ತಿ ತೋರಿಸಿದರೆ ಒಪ್ಪಬಾರದು. ಮಣ್ಣೋ ಗೊಬ್ಬರವೋ ಸ್ವಲ್ಪ ಹೊರೆ ಹಾಕಿಸಿ, ತುಸು ಎತ್ತಿ, ಅಲ್ಲೇ ನಿಲ್ಲಿಸಿ, ತೊಟ್ಟಿಯ ಎತ್ತರಕ್ಕೆ ಒಂದು ಗುರುತು ಮಾಡಿಕೊಂಡು ಕಾಫಿ ಕುಡಿದು ಬನ್ನಿ. ಕಾಲು ಗಂಟೆಯಲ್ಲಿ ಗುರುತಿನಿಂದ ಕೆಳಗಿಳಿದಿದ್ದರೆ ಆಯಿಲ್ ಎಲ್ಲೋ ಹಿಂದಕ್ಕೆ ಸೋರುತ್ತಿದೆ. ತೊಟ್ಟಿ ತಿರುಗುವ ಹಿಂದಿನ ಕೀಲುಗಳ ಸವೆತವನ್ನೂ ನೋಡಬೇಕು.

ಆರನೆಯದು ದೀಪ ಮತ್ತು ಪ್ರತಿಫಲಕ. ಕತ್ತಲಲ್ಲಿ ರಸ್ತೆ ಬದಿ ನಿಂತ ಟ್ರೇಲರಿಗೆ ಹಿಂದಿನಿಂದ ಬಂದು ಗುದ್ದುವ ಬೈಕಿನವರ ಸುದ್ದಿ ನಾವೆಲ್ಲ ಓದುತ್ತಲೇ ಇದ್ದೇವೆ. ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಲು ತಗಲುವುದು ಅತ್ಯಲ್ಪ ಖರ್ಚು.

ಬ್ರೇಕಿನ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಕಡೆಯ ಎಷ್ಟೋ ಟ್ರೇಲರುಗಳಿಗೆ ಬ್ರೇಕೇ ಇಲ್ಲ. 35 ಅಶ್ವಶಕ್ತಿಯ ಟ್ರ್ಯಾಕ್ಟರು ಹೆಚ್ಚು ಕಡಿಮೆ ಎರಡು ಟನ್ ತೂಗುತ್ತದೆ. ಹಿಂದಿನ ಹೊರೆ ಅದರ ಎರಡರಷ್ಟಿರುತ್ತದೆ. ಸಮತಟ್ಟಿನಲ್ಲಿ ಟ್ರ್ಯಾಕ್ಟರು ಟ್ರೇಲರನ್ನು ಎಳೆದರೆ, ಇಳಿಜಾರಿನಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನು ತಳ್ಳುತ್ತದೆ. ಬಯಲಿನ ಅರಸೀಕೆರೆ ಕಡೆ ಓಡಿಕೊಂಡಿದ್ದ ಟ್ರೇಲರನ್ನು ಬೇಲೂರಿನಾಚೆಯ ಏರಿಳಿತದ ತೋಟಕ್ಕೆ ಕೊಂಡೊಯ್ಯುವವರು ಇದನ್ನು ಮುಖ್ಯವಾಗಿ ಯೋಚಿಸಬೇಕು. ಟ್ರ್ಯಾಕ್ಟರಿನ ಎಡ ಬಲದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಯಲ್ಲಿ ಸದಾ ಕೊಕ್ಕೆ ಹಾಕಿ ಕೂಡಿಸಿರಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು ಆತ್ಮಹತ್ಯೆಗೆ ಸಮಾನ.

ಟ್ರ್ಯಾಕ್ಟರೂ ಜೊತೆಗಿದ್ದರೆ

ಮುಂಜಾನೆ ಹೇಳದೆ ಹೋಗುವುದು ಒಳ್ಳೆಯದು. ಹೋದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಚಾಲೂ ಮಾಡಿ ಸಿದ್ಧಪಡಿಸಿದ್ದಾರೆ. ತಣ್ಣಗಿರುವ ಎಂಜಿನ್ ಎಷ್ಟು ಬೇಗ ಹತ್ತುತ್ತದೆಂಬುದೇ ಅದರ ಆರೋಗ್ಯ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಕಡ್ಡಿ ಎಳೆದಾಗ ಹಾಲು ಬೆರೆತಂತೆ ಬೆಳ್ಳಗಿದ್ದರೆ ನೀರು ಸೇರಿದೆ. ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲಿದರೂ ಸಂಶಯ ಪಡಬೇಕು. ಗಂಟೆ ತೋರಿಸುವ ಮೀಟರನ್ನು ಬದಲಿಸಬಹುದು; ಸವೆದ ಪೆಡಲನ್ನೂ ಸ್ಟೇರಿಂಗನ್ನೂ ನೋಡಿದರೆ ನಿಜವಾದ ಗಂಟೆ ತಿಳಿಯುತ್ತದೆ. ಕೊನೆಗೆ ಹೊರೆ ಹಾಕಿಸಿ ಒಂದು ಏರು ಹತ್ತಿಸಬೇಕು.

ಬಿಡಿ ಭಾಗಗಳ ವಿಚಾರವೂ ಇದೆ. ಹೆಚ್.ಎಂ.ಟಿ. ಟ್ರ್ಯಾಕ್ಟರು ಗಟ್ಟಿ ಯಂತ್ರವೆಂದು ಅನೇಕರ ಅನುಭವ. ಆದರೆ ಆ ಸಂಸ್ಥೆಯ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ತಯಾರಿಕೆ ನಿಂತ ಯಂತ್ರವನ್ನು ಕೊಳ್ಳುವವರು ಬಿಡಿ ಭಾಗ ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ಕಾಗದ ಪತ್ರ

ಟ್ರ್ಯಾಕ್ಟರಿಗೊಂದು, ಟ್ರೇಲರಿಗೊಂದು, ಹೀಗೆ ಎರಡು ಆರ್.ಸಿ. ಇರಬೇಕು. ಟ್ರೇಲರಿನ ಚಾಸಿಯ ಮೇಲಿನ ನಂಬರನ್ನು ತಿಕ್ಕಿ ಓದಿ ಆರ್.ಸಿ.ಯ ನಂಬರಿನೊಡನೆ ಹೋಲಿಸಬೇಕು. ನೋಂದಣಿಯ ಅವಧಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30. ಕೊಂಡವರು 30 ದಿನಗಳೊಳಗೆ ಅರ್ಜಿ ಕೊಡಬೇಕು. ಬ್ಯಾಂಕಿನ ಸಾಲವಿದ್ದದ್ದು ತೀರಿದ್ದರೆ ನಮೂನೆ 35ರಲ್ಲಿ ಅದನ್ನು ಆರ್.ಸಿ.ಯಿಂದ ತೆಗೆಸಿರಬೇಕು, ಬಾಯಿಮಾತಿನ “ತೀರಿಸಿದೀನಿ” ಸಾಲದು. ಹಾಸನದ ಕೆಎ-13, ಸಕಲೇಶಪುರದ ಕೆಎ-46, ಚಿಕ್ಕಮಗಳೂರಿನ ಕೆಎ-18 ಹೀಗೆ ಬೇರೆ ಕಛೇರಿಯ ವ್ಯಾಪ್ತಿಯಿಂದ ತರುವುದಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರದ ವಿಚಾರವನ್ನು ಹಣ ಕೊಡುವ ಮುಂಚೆಯೇ ಕಛೇರಿಯಲ್ಲಿ ಕೇಳಿಕೊಳ್ಳಿ. ವಿಮಾ ಪಾಲಿಸಿಯಲ್ಲಿ ಟ್ರ್ಯಾಕ್ಟರಿನ ಜೊತೆ ಟ್ರೇಲರಿನ ಉಲ್ಲೇಖವೂ ಇದೆಯೇ ನೋಡಿ.

ವಿಮೆಯಿದೆಯೆಂದು ಟ್ರೇಲರಿನಲ್ಲಿ ಜನರನ್ನು ಕೂರಿಸಬಹುದೆಂದು ತಿಳಿಯಬಾರದು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹೋಗುತ್ತಿದ್ದ ಕೂಲಿಯೊಬ್ಬರು ಗಾಯಗೊಂಡ ಪ್ರಕರಣದಲ್ಲಿ ವಿಮಾ ಸಂಸ್ಥೆಗೆ ಹೊಣೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಹೇಳಿತು. ಆ ಬಡವನ ಸ್ಥಿತಿಯನ್ನು ನೋಡಿ, ಹಣವನ್ನು ಸಂಸ್ಥೆಯೇ ಮೊದಲು ಕೊಟ್ಟು ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಎಂದರೆ ಕೊನೆಗೆ ಕೊಡಬೇಕಾದವರು ತೋಟದ ಯಜಮಾನರೇ. ಸಂಜೆ ಆಳುಗಳನ್ನು ಬಿಟ್ಟು ಬರಲು ಬೇರೆ ವಾಹನ ಮಾಡುವ ಖರ್ಚು ಇದಕ್ಕಿಂತ ಬಹಳ ಕಡಿಮೆ.

ಕೊನೆಗೆ ಏನಾಯಿತು

ಹಾರನಹಳ್ಳಿಯ ಟ್ರೇಲರಿನ ತೊಟ್ಟಿ ಚೆನ್ನಾಗಿತ್ತು, ಟಯರುಗಳು ಹೊಸವು, ಜಾಕಿ ಗುರುತಿನಿಂದ ಇಳಿಯಲಿಲ್ಲ. ಆದರೆ ದಾರದಲ್ಲಿ ಎರಡು ಬೆರಳಿನಷ್ಟು ವ್ಯತ್ಯಾಸ ಬಂತು. ಅನುಮಾನ ಬಂದು ಮೂಕಿಯ ಬುಡವನ್ನು ಬ್ರಷ್ಷಿನಿಂದ ತಿಕ್ಕಿದೆವು. ಬಣ್ಣ ಉದುರಿ, ಹಳೆಯ ಬಿರುಕಿನ ಮೇಲೆ ಎಳೆದಿದ್ದ ವೆಲ್ಡಿಂಗ್ ಕಂಡಿತು. ಅದರ ಪಕ್ಕದಲ್ಲೇ ಮತ್ತೊಂದು ಹೊಸ ಬಿರುಕು ಆರಂಭವಾಗಿತ್ತು.

ಮಾರಲಿದ್ದ ಯಜಮಾನರು ನಮ್ಮ ಜೊತೆಗೆ ಗೋಣಿಯ ಮೇಲೆ ಮೊಣಕಾಲೂರಿ ನೋಡಿದರು. ಅವರೂ ನಾಲ್ಕು ವರ್ಷದ ಹಿಂದೆ ಬಣ್ಣ ನೋಡಿಯೇ ಕೊಂಡವರಂತೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ನೆನ್ನೆ ತಾನೆ ನಮ್ಮೋರೆಲ್ಲ ಇದ್ರಲ್ಲೇ ಕುಂತ್ಕಂಡು ಬಂದವ್ರೆ ಸಾರ್. ನನ್ ಮೊಮ್ಮಗ್ಳೂ ಇದ್ಲು” ಎಂದರು.

ನಮ್ಮ ಸದಸ್ಯರು, “ಯಜಮಾನ್ರೇ, ಬೆಲೆ ಇಳಿಸಿ ಕೊಟ್ರೆ ನಾನೇ ರಿಪೇರಿ ಮಾಡಿಸ್ಕೋತೀನಿ” ಎಂದರು. ಯಜಮಾನರು ಒಪ್ಪಲಿಲ್ಲ. “ಇದನ್ನ ಹಿಂಗೇ ಕೊಟ್ರೆ ನಂಗೆ ನಿದ್ದೆ ಬರಾಕಿಲ್ಲ ಕಣಪ್ಪ” ಎಂದು ಕೊಂಡಿಯ ಪಿನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಆ ತಿಂಗಳೇ ಮೂಕಿಯನ್ನು ಪೂರಾ ಬಿಚ್ಚಿಸಿ ಹೊಸದು ಹಾಕಿಸಿದರು. ದಾರ ಹಿಡಿದು ಮತ್ತೊಮ್ಮೆ ಅಳೆದು, ಕೊಂಡಿಯಿಂದ ಹಿಡಿದು ಟಯರಿನವರೆಗೆ ಪುನಃ ನೋಡಿದ ಮೇಲೆ ನಮ್ಮ ಸದಸ್ಯರು ಅದನ್ನೇ ಕೊಂಡರು. ಮೊದಲು ಹೇಳಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟರು. ಕಾಸಿಗೆ ತಕ್ಕ ಕಜ್ಜಾಯ. ಅದರಲ್ಲಿ ನಷ್ಟವೇನೂ ಇಲ್ಲ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟು. ಹಳೆಯ ಟ್ರೇಲರು ಕೊಳ್ಳುವುದಿದ್ದರೆ ಕುಯ್ಲಿನ ಅವಸರದಲ್ಲಿ ಕೊಳ್ಳಬೇಡಿ; ಕೆಲಸ ಕಡಿಮೆಯಿರುವ ಮಳೆಗಾಲದಲ್ಲೇ ನೋಡಿಡಿ. ಕೊಳ್ಳುವುದಿಲ್ಲದವರೂ ನಾಳೆ ಬೆಳಿಗ್ಗೆ ಒಂದು ಗೋಣಿಚೀಲ ಹಾಸಿ ನಿಮ್ಮದೇ ಟ್ರೇಲರಿನ ಅಡಿಯಲ್ಲಿ ಒಮ್ಮೆ ಮಲಗಿ ನೋಡಿ. ಸುತ್ತಿಗೆ, ದಾರ, ಅಯಸ್ಕಾಂತ ಇರುವ ಚೀಲವನ್ನು ಸಂಘದ ಕಛೇರಿಯಲ್ಲಿ ಇಟ್ಟಿದ್ದೇವೆ. ಬೇಕಾದವರು ರಿಜಿಸ್ಟರಿನಲ್ಲಿ ಸಹಿ ಮಾಡಿ ಕೊಂಡೊಯ್ಯಬಹುದು. ಕರೆದರೆ ನಾವೂ ಬರುತ್ತೇವೆ.